ಹಳೆಯ ಒಡಲು, ಹೊಸ ಹೊದಿಕೆ: ಕೋರಾ ಚರ್ಚಿನ ಚರಿತ್ರೆ ಮತ್ತು ವಾಸ್ತು

ಇಸ್ತಾಂಬುಲಿನ ವಾಯವ್ಯ ಭಾಗದಲ್ಲಿ, ಎದಿರ್ನೆಕಪಿ ಎಂಬ ಹಳೆಯ ಕೋಟೆಬಾಗಿಲಿಗೆ ಸಮೀಪವಾಗಿ, ಪೂರ್ವಕ್ಕೆ ಇಳಿಯುವ ದಿಣ್ಣೆಯೊಂದರ ಮೇಲೆ ನಿಂತಿರುವ ಕೋರಾ ಚರ್ಚು ಗಾತ್ರದಲ್ಲಿ ಯಾರನ್ನೂ ಬೆರಗುಗೊಳಿಸುವಂಥದ್ದಲ್ಲ. ಅದರ ಒಟ್ಟು ನೆಲಗಟ್ಟು ಸುಮಾರು 740 ಚದರ ಮೀಟರು. ನಡುಗುಮ್ಮಟದ ವ್ಯಾಸ 8 ಮೀಟರನ್ನೂ ಮುಟ್ಟುವುದಿಲ್ಲ. ಅದೇ ನಗರದ ಹಗಿಯಾ ಸೋಫಿಯಾದ ಗುಮ್ಮಟ ಸುಮಾರು 31 ಮೀಟರು ಅಗಲವಿರುವುದನ್ನು ನೆನೆದರೆ ಇದು ಓಣಿಯೊಳಗಿನ ಸಣ್ಣ ಗುಡಿಯಂತೆ ಕಾಣುತ್ತದೆ. ಆದರೆ ಬೈಜಾಂಟೈನ್ ಸಾಮ್ರಾಜ್ಯದ ಕಡೆಗಾಲದ ವಾಸ್ತು, ಮೊಸಾಯಿಕ್ ಮತ್ತು ಭಿತ್ತಿಚಿತ್ರ ಈ ಮೂರೂ ಒಂದೇ ಸೂರಿನಡಿ ಇಷ್ಟು ಸಮೃದ್ಧವಾಗಿ ಉಳಿದುಬಂದ ಬೇರೊಂದು ಕಟ್ಟಡ ಆ ನಗರದಲ್ಲಿಲ್ಲ. ಕಾಗದದ ಮೇಲೆ ಅದರ ನಕ್ಷೆಯನ್ನು ಬಿಡಿಸಿ ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ಓರೆಕೋರೆಗಳು: ಎಡಬಲಗಳು ಒಂದಕ್ಕೊಂದು ಹೊಂದುವುದಿಲ್ಲ, ಅಕ್ಕಪಕ್ಕದ ಅಂಕಣಗಳ ಅಳತೆ ಬೇರೆಬೇರೆ, ಹೊರಗೋಡೆಯ ಕಂಬಗಳಿಗೂ ಒಳಗಿನ ಕಮಾನುಗಳಿಗೂ ತಾಳಮೇಳವಿಲ್ಲ. ಕಡೆಗಾಲದ ಬೈಜಾಂಟೈನ್ ವಾಸ್ತುವನ್ನೇ ಅವನತಿಯ ಕುರುಹೆಂದು ತಳ್ಳಿಹಾಕುವ ರೂಢಿಯೊಂದು ಬಹುಕಾಲ ಇತ್ತು. ಕೋರಾದ ಮಟ್ಟಿಗಂತೂ ಆ ತೀರ್ಮಾನ ತಪ್ಪು. ಇಲ್ಲಿನ ಓರೆಕೋರೆಗಳು ಕೈಸೋತ ಶಿಲ್ಪಿಗಳ ಅಸಡ್ಡೆಯಿಂದ ಬಂದವಲ್ಲ, ಹಳೆಯ ಗುಡಿಯ ಒಡಲನ್ನು ಕೆಡವದೆ ಉಳಿಸಿಕೊಂಡು ಅದರ ಸುತ್ತ ಹೊಸದನ್ನು ಹೊದಿಸಬೇಕೆಂಬ ತಿಳಿದು ಮಾಡಿದ ನಿರ್ಧಾರದಿಂದ ಹುಟ್ಟಿದವು.

ಈ ಚರ್ಚಿನ ಪೂರ್ಣ ಹೆಸರು ‘ಕೋರಾದಲ್ಲಿರುವ ಪವಿತ್ರ ಉದ್ಧಾರಕನ ಚರ್ಚು’ ಎಂಬರ್ಥದ್ದು. ಗ್ರೀಕಿನ ‘ಕೋರಾ’ ಎಂಬ ಪದಕ್ಕೆ ಊರಾಚೆಯ ಹೊಲಗದ್ದೆಗಳ ಪ್ರದೇಶ ಎಂಬುದು ಒಂದು ಅರ್ಥ. ಎಡೆ, ನೆಲೆ, ಒಳಗೊಳ್ಳುವ ಪಾತ್ರ ಎಂಬುದು ಇನ್ನೊಂದು. ಕಾನ್‌ಸ್ಟಂಟೈನ್ ಸಾಮ್ರಾಟನು 4ನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಗೋಡೆಯ ಆಚೆ ಈ ಜಾಗವಿದ್ದುದರಿಂದ ಮೊದಲನೆಯ ಅರ್ಥದಲ್ಲಿ ಹೆಸರು ಬಂದಿರಬೇಕು. 413ರ ಹೊತ್ತಿಗೆ ಎರಡನೆಯ ಥಿಯೊಡೋಸಿಯಸನ ಕಾಲದ ಹೊಸ ಕೋಟೆ ಇನ್ನೂ ಪಶ್ಚಿಮಕ್ಕೆ ಎದ್ದುನಿಂತಾಗ ಊರಾಚೆಯ ಜಾಗ ಊರೊಳಗಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಮುಂದೆ ಸುಮಾರು ಒಂಬೈನೂರು ವರ್ಷಗಳ ಬಳಿಕ ಈ ಹೆಸರಿನ ಎರಡನೆಯ ಅರ್ಥವನ್ನು ಹಿಡಿದು ಚರ್ಚಿನ ಚಿತ್ರಗಳ ಯೋಜನೆಯನ್ನೇ ನೇಯಲಾಯಿತು.

ಇಲ್ಲಿನ ಮಠದ ಮೊದಲ ಶತಮಾನಗಳ ಕಥೆ ಸಂತರ ಚರಿತ್ರೆಗಳಲ್ಲಿ ಐತಿಹ್ಯದೊಂದಿಗೆ ಬೆರೆತುಹೋಗಿದೆ. ಈಗಿನ ಕಟ್ಟಡದ ಪೂರ್ವ ತುದಿಯ ಕೆಳಗೆ 6ನೆಯ ಶತಮಾನದ ತಳಕಟ್ಟುಗಳು ಉತ್ಖನನದಲ್ಲಿ ಕಂಡುಬಂದಿವೆ. ಮೂರ್ತಿಭಂಜನೆಯ ಕಾಲದಲ್ಲಿ, ಅಂದರೆ 8 ಮತ್ತು 9ನೆಯ ಶತಮಾನಗಳಲ್ಲಿ ಪವಿತ್ರ ಚಿತ್ರಗಳ ಆರಾಧನೆಯನ್ನು ಸಾಮ್ರಾಟರೇ ನಿಷೇಧಿಸಿದ್ದ ಕಾಲದಲ್ಲಿ, ಈ ಮಠ ಚಿತ್ರಾರಾಧಕರ ಪರವಾಗಿ ನಿಂತಿತ್ತು. 843ರಲ್ಲಿ ನಿಷೇಧ ತೆರವಾದ ಮೇಲೆ, ಅದಕ್ಕಾಗಿ ಸೆರೆಮನೆ ಕಂಡಿದ್ದ ಪ್ಯಾಲೆಸ್ತೀನಿನ ಸನ್ಯಾಸಿ ಮೈಕೆಲ್ ಸಿಂಕೆಲ್ಲಸ್ ಇಲ್ಲಿನ ಮಠಾಧಿಪತಿಯಾದನು. ಮುಂದೆ ಚಿತ್ರಗಳಿಂದಲೇ ಲೋಕಪ್ರಸಿದ್ಧವಾಗಲಿದ್ದ ಗುಡಿಗೆ ಇದು ತಕ್ಕ ಪೂರ್ವಚರಿತ್ರೆಯೇ ಸರಿ.

ಈಗ ನಿಂತಿರುವ ಕಟ್ಟಡದ ಕಥೆ ಆರಂಭವಾಗುವುದು 11ನೆಯ ಶತಮಾನದ ಕೊನೆಯಲ್ಲಿ. ಮೊದಲನೆಯ ಅಲೆಕ್ಸಿಯಸ್ ಕೊಮ್ನೆನಸ್ ಸಾಮ್ರಾಟನ ಅತ್ತೆ ಮರಿಯಾ ಡೂಕೈನಾ 1077 ಮತ್ತು 1081ರ ನಡುವೆ ಇಲ್ಲಿ ಹೊಸ ಚರ್ಚನ್ನು ಕಟ್ಟಿಸಿದಳು. ಅದು ಆ ಕಾಲದಲ್ಲಿ ರೂಢಿಯಲ್ಲಿದ್ದ, ಚೌಕದೊಳಗೆ ಶಿಲುಬೆಯನ್ನು ಕೂರಿಸಿದಂಥ ನಕ್ಷೆಯದಾಗಿತ್ತೆಂದು ವಿದ್ವಾಂಸರು ತರ್ಕಿಸುತ್ತಾರೆ: ಚೌಕಾಕಾರದ ಅಂಗಣದ ನಡುವೆ ನಾಲ್ಕು ಕಂಬಗಳು ಗುಮ್ಮಟವನ್ನು ಹೊರುತ್ತವೆ, ಗುಮ್ಮಟದಿಂದ ನಾಲ್ಕು ದಿಕ್ಕಿಗೂ ಚಾಚಿದ ಕಮಾನು ಛಾವಣಿಗಳು ಶಿಲುಬೆಯ ನಾಲ್ಕು ತೋಳುಗಳಾಗುತ್ತವೆ. ಆದರೆ ಆ ಕಟ್ಟಡ ಅರ್ಧ ಶತಮಾನವೂ ಬಾಳಲಿಲ್ಲ. ಭೂಕಂಪದಿಂದಲೋ ಇಳಿಜಾರಿನ ಸಡಿಲ ನೆಲ ಜಗ್ಗಿದ್ದರಿಂದಲೋ ಅದರ ಪೂರ್ವ ಭಾಗ ಕುಸಿದಿರಬೇಕು. ಸುಮಾರು 1120ರಲ್ಲಿ ಮರಿಯಾಳ ಮೊಮ್ಮಗ, ಅಲೆಕ್ಸಿಯಸನ ಮಗ ಐಸಾಕ್ ಕೊಮ್ನೆನಸ್ ಅದನ್ನು ಬೇರೆಯೇ ಬಗೆಯಲ್ಲಿ ಪುನಃ ಕಟ್ಟಿಸಿದನು. ಅವನ ಶಿಲ್ಪಿಗಳು ನಡುವಿನ ತೆಳುಗಂಬಗಳನ್ನು ಕೈಬಿಟ್ಟು, ನಾಲ್ಕು ಮೂಲೆಗಳಲ್ಲಿ ಗೋಡೆಗೆ ಸೇರಿದ ದಪ್ಪ ಕಟ್ಟೆಗಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಮೊದಲಿಗಿಂತ ಅಗಲವಾದ ಗುಮ್ಮಟವನ್ನು ಏರಿಸಿದರು. ಪೂರ್ವದಲ್ಲಿ ಅರ್ಧವೃತ್ತವಾಗಿ ಹೊರಚಾಚುವ ಪೂಜಾಸ್ಥಾನವೂ, ಅಂದರೆ ಅಪ್ಸ್ ಎಂದು ಕರೆಯುವ ಭಾಗವೂ, ಅದಕ್ಕೆ ತಕ್ಕಂತೆ ಅಗಲವಾಯಿತು. ಭಕ್ತರು ನೆರೆಯುವ ಈ ನಡುಮಂದಿರಕ್ಕೆ ನಾವೋಸ್ ಎಂದು ಹೆಸರು. ಕಂಬಗಳ ಅಡ್ಡಿಯಿಲ್ಲದೆ ಒಂದೇ ನೋಟಕ್ಕೆ ತೆರೆದುಕೊಳ್ಳುವ ಇಂದಿನ ನಾವೋಸ್ ಐಸಾಕನ ಕೊಡುಗೆ. ತನ್ನ ಸಮಾಧಿಯೂ ಇಲ್ಲಿಯೇ ಆಗಬೇಕೆಂದು ಅವನು ಮೊದಲು ಏರ್ಪಾಡು ಮಾಡಿಕೊಂಡಿದ್ದನು. ಆಮೇಲೆ ಮನಸ್ಸು ಬದಲಾಯಿಸಿ, ತಾನು ಥ್ರೇಸಿನಲ್ಲಿ ಕಟ್ಟಿಸಿದ ಹೊಸ ಮಠಕ್ಕೆ ಸಮಾಧಿಯ ಸಾಮಗ್ರಿಯನ್ನು ಸಾಗಿಸುವಂತೆ 1152ರ ಮಠಶಾಸನದಲ್ಲಿ ಬರೆಸಿದನು.

1204ರಲ್ಲಿ ನಾಲ್ಕನೆಯ ಧರ್ಮಯುದ್ಧದ ಲ್ಯಾಟಿನ್ ಸೈನಿಕರು ಇಂದಿನ ಇಸ್ತಾಂಬುಲಾದ ಕಾನ್‌ಸ್ಟಾಂಟಿನೋಪಲನ್ನು ಹಿಡಿದು ಸೂರೆಮಾಡಿದರು. 1261ರಲ್ಲಿ ಬೈಜಾಂಟೈನ್ ಸಾಮ್ರಾಟ ಮೈಕೆಲ್ ಪೇಲಿಯೊಲೊಗಸ್ ನಗರವನ್ನು ಮರಳಿ ಗೆದ್ದಾಗ ಅಲ್ಲಿನ ಅನೇಕ ಚರ್ಚುಗಳು ಹಾಳುಬಿದ್ದಿದ್ದವು, ಕೋರಾವೂ ಶಿಥಿಲವಾಗಿತ್ತು. ಸಮೀಪದ ಬ್ಲಾಕರ್ನೇ ಅರಮನೆ ಸಾಮ್ರಾಟರ ವಾಸಸ್ಥಾನವಾಗಿದ್ದರಿಂದ ಈ ಮಠದ ಮೇಲೆ ಆಸ್ಥಾನದವರ ಕಣ್ಣು ಸಹಜವಾಗಿಯೇ ಬಿತ್ತು. ಎರಡನೆಯ ಆಂಡ್ರೊನಿಕಸ್ ಸಾಮ್ರಾಟನು ಇದರ ಜೀರ್ಣೋದ್ಧಾರವನ್ನು ವಹಿಸಿಕೊಟ್ಟದ್ದು ಥಿಯೊಡೋರ್ ಮೆಟೊಖಿಟೆಸನಿಗೆ.

ಈ ವ್ಯಕ್ತಿಯನ್ನು ಅರಿಯದೆ ಈ ಕಟ್ಟಡವನ್ನು ಅರಿಯುವುದು ಕಷ್ಟ. ಅವನು ಹುಟ್ಟಿದ್ದು 1270ರಲ್ಲಿ. ಅವನ ತಂದೆ ಜಾರ್ಜ್, ರೋಮಿನ ಪೋಪನ ಚರ್ಚಿನೊಂದಿಗೆ ಆರ್ಥೊಡಾಕ್ಸ್ ಚರ್ಚು ಒಂದಾಗಬೇಕೆಂದು ವಾದಿಸಿದ ಪಾದ್ರಿ. ರಾಜಕೀಯದ ಗಾಳಿ ತಿರುಗಿದಾಗ ಅದೇ ಕಾರಣಕ್ಕೆ ಸೆರೆಯನ್ನು ಸೇರಿದವನು. ಕಳಂಕ ಹೊತ್ತ ಮನೆಯ ಹುಡುಗ ಏಷ್ಯಾ ಮೈನರಿನಲ್ಲಿ ಓದಿನಲ್ಲೇ ಮುಳುಗಿ ಬೆಳೆದನು. 1290ರಲ್ಲಿ ನಿಸಿಯಾ ಪಟ್ಟಣಕ್ಕೆ ಬಂದ ಆಂಡ್ರೊನಿಕಸ್ ಇಪ್ಪತ್ತು ವರ್ಷದ ಈ ಪಂಡಿತನನ್ನು ಮೆಚ್ಚಿ ಆಸ್ಥಾನಕ್ಕೆ ಕರೆದುಕೊಂಡನು. ಮೆಟೊಖಿಟೆಸ್ ರಾಯಭಾರಿಯಾಗಿ ಸೈಪ್ರಸ್, ಅರ್ಮೇನಿಯಾ, ಸರ್ಬಿಯಾಗಳಿಗೆ ಹೋಗಿಬಂದನು, ಖಜಾನೆಯ ಮುಖ್ಯಸ್ಥನಾದನು, ಕೊನೆಗೆ ಮಹಾ ಲೊಗೊಥೆಟೆಸ್, ಅಂದರೆ ಮಹಾಮಂತ್ರಿಯಾದನು. ಹಗಲೆಲ್ಲ ಅರಮನೆಯ ಕಾರಭಾರ, ರಾತ್ರಿ ಅರಿಸ್ಟಾಟಲ್ ಮತ್ತು ಖಗೋಳಶಾಸ್ತ್ರ ಎಂಬಂತೆ ಬಾಳಿದ ಅವನು ಖಗೋಳ ಗ್ರಂಥವನ್ನೂ, ಅರಿಸ್ಟಾಟಲನ ಮೇಲೆ ವ್ಯಾಖ್ಯಾನಗಳನ್ನೂ, ನೂರಿಪ್ಪತ್ತು ಪ್ರಬಂಧಗಳ ಸಂಕಲನವೊಂದನ್ನೂ, ಬಿಡಿಸಲು ಕಷ್ಟವಾಗುವಷ್ಟು ತೊಡಕಿನ ದೀರ್ಘ ಪದ್ಯಗಳನ್ನೂ ಬರೆದನು. ಸಾಮ್ರಾಜ್ಯದ ಗಡಿಗಳು ಏಷ್ಯಾದಲ್ಲಿ ದಿನದಿನಕ್ಕೂ ಕುಗ್ಗುತ್ತಿದ್ದಾಗ ಅವನ ಮನೆಯ ಸಿರಿ ಬೆಳೆಯುತ್ತಲೇ ಇತ್ತು; ಹುದ್ದೆಗಳನ್ನು ಮಾರಿಕೊಂಡನೆಂಬ ಅಪವಾದ ಅವನ ಬೆನ್ನು ಬಿಡಲಿಲ್ಲ. ಆ ಸಿರಿಯ ದೊಡ್ಡ ಪಾಲು ಸುಮಾರು 1316ರಿಂದ 1321ರವರೆಗೆ ಕೋರಾಕ್ಕೆ ಹರಿಯಿತು.

ಐಸಾಕನ ನಾವೋಸನ್ನು ಮೆಟೊಖಿಟೆಸ್ ಹಾಗೆಯೇ ಉಳಿಸಿಕೊಂಡನು. ಗುಮ್ಮಟವನ್ನು ಮಾತ್ರ ಮತ್ತೆ ಕಟ್ಟಿಸಿ, ಒಳಗೋಡೆಗಳಿಗೆ ಅಮೃತಶಿಲೆಯ ಹೊದಿಕೆಯನ್ನು ಹಾಕಿಸಿದನು. ಒಂದೇ ಬಂಡೆಯನ್ನು ಹಲಗೆಗಳಾಗಿ ಸೀಳಿ, ತೆರೆದಿಟ್ಟ ಪುಸ್ತಕದ ಎರಡು ಪುಟಗಳಂತೆ ಅಕ್ಕಪಕ್ಕ ಜೋಡಿಸಿದ್ದರಿಂದ ಕಲ್ಲಿನ ನರಗಳು ಎಡಬಲಕ್ಕೆ ಪ್ರತಿಬಿಂಬಗಳಂತೆ ಹರಡಿಕೊಂಡಿವೆ. ಅವನ ಹೊಸ ಕೆಲಸವೆಲ್ಲ ಈ ಒಡಲಿನ ಸುತ್ತ ಬೆಳೆದದ್ದು. ಪಶ್ಚಿಮದಲ್ಲಿ ಒಂದರ ಮುಂದೊಂದರಂತೆ ಎರಡು ಅಡ್ಡ ಮೊಗಸಾಲೆಗಳು ಬಂದವು. ಇವುಗಳಿಗೆ ಒಳ ನಾರ್ಥೆಕ್ಸ್ ಮತ್ತು ಹೊರ ನಾರ್ಥೆಕ್ಸ್ ಎಂದು ಹೆಸರು. ಉತ್ತರದಲ್ಲಿ ಎರಡಂತಸ್ತಿನ ಕಿರಿದಾದ ಪಾರ್ಶ್ವಮನೆ, ದಕ್ಷಿಣದಲ್ಲಿ ಸಮಾಧಿಗಳಿಗೆಂದೇ ನೀಳವಾದ ಉಪಮಂದಿರ, ನೈಋತ್ಯ ಮೂಲೆಯಲ್ಲಿ ಗಂಟೆಗೋಪುರ ಎದ್ದವು. ನಡುವಿನದೂ ಸೇರಿ ಒಟ್ಟು ಆರು ಗುಮ್ಮಟಗಳು ಬೇರೆಬೇರೆ ಎತ್ತರದಲ್ಲಿ ಛಾವಣಿಯ ಮೇಲೆ ಕಾಣಿಸಿಕೊಂಡವು.

ಮೊದಲೇ ಹೇಳಿದ ಓರೆಕೋರೆ ಶುರುವಾಗುವುದು ಇಲ್ಲಿಯೇ. ಒಳ ನಾರ್ಥೆಕ್ಸಿನ ಎರಡು ತುದಿಗಳಲ್ಲಿರುವ ಗುಮ್ಮಟಗಳು ಜೋಡಿಯಾಗಿರಬೇಕಿತ್ತು. ಆದರೆ ದಕ್ಷಿಣದ್ದು ದೊಡ್ಡದು, ಉತ್ತರದ್ದು ಚಿಕ್ಕದು. ದಕ್ಷಿಣದಲ್ಲಿ ಉಪಮಂದಿರವೂ ಉತ್ತರದಲ್ಲಿ ಕಿರುಮನೆಯೂ ಸೇರಿಕೊಂಡದ್ದರಿಂದ ಎರಡೂ ಬದಿಗೆ ದಕ್ಕಿದ ಅಗಲ ಒಂದೇ ಆಗಿರಲಿಲ್ಲ. ಶಿಲ್ಪಿ ಈ ವ್ಯತ್ಯಾಸವನ್ನು ಮುಚ್ಚಿಡಲು ಹೋಗದೆ, ಪ್ರತಿಯೊಂದು ಅಂಕಣಕ್ಕೂ ಅದರದೇ ಅಳತೆಯ ಛಾವಣಿಯನ್ನು ಕೊಟ್ಟು, ಪ್ರತಿ ಛಾವಣಿಗೂ ಅದರದೇ ಚಿತ್ರಕಥೆಯನ್ನು ಹಂಚಿದನು. ನಕ್ಷೆಯಲ್ಲಿ ದೋಷವೆನಿಸುವುದು ನಡೆದುಹೋಗುವವನ ಅನುಭವದಲ್ಲಿ ಕಥೆಯ ಒಂದೊಂದು ಅಧ್ಯಾಯವಾಗುತ್ತದೆ.

ಗೋಡೆಗಳ ಕಟ್ಟೋಣವನ್ನು ಹತ್ತಿರದಿಂದ ನೋಡಿದರೆ ಕಾಲಗಳನ್ನು ಬೇರ್ಪಡಿಸಬಹುದು. ಐಸಾಕನ ಕಾಲದ ಗೋಡೆಯಲ್ಲಿ ಇಟ್ಟಿಗೆಯ ಒಂದು ವರಸೆ ಹೊರಮೈಗೆ ಬಂದರೆ ಮುಂದಿನದು ಒಳಸರಿದು ಗಾರೆಯ ಹಿಂದೆ ಅಡಗುತ್ತದೆ. ಆದ್ದರಿಂದ ಹೊರಗಿನಿಂದ ಗಾರೆಯ ಪಟ್ಟಿ ಇಟ್ಟಿಗೆಗಿಂತ ದಪ್ಪವಾಗಿ ತೋರುತ್ತದೆ. ಮೆಟೊಖಿಟೆಸನ ಕಾಲದ ಗೋಡೆಯಲ್ಲಿ ಕೆಂಪು ಇಟ್ಟಿಗೆಯ ಪಟ್ಟೆಗಳೂ ಬಿಳಿಗಲ್ಲಿನ ಪಟ್ಟೆಗಳೂ ಒಂದಾದ ಮೇಲೊಂದರಂತೆ ಏರುತ್ತವೆ. ಪೂರ್ವದ ಹಿಂಬದಿಗೆ ಹೋದರೆ ಬೈಜಾಂಟೈನ್ ವಾಸ್ತುವಿನಲ್ಲಿ ಅಪರೂಪವಾದ ಒಂದು ಅಂಗ ಕಾಣಸಿಗುತ್ತದೆ: ನೆಲದಿಂದ ಎದ್ದು ಗಾಳಿಯಲ್ಲಿ ಬಾಗಿ ಅಪ್ಸಿನ ಗೋಡೆಗೆ ಭುಜ ಕೊಟ್ಟು ನಿಂತಿರುವ ಆನಿಕೆ ಕಮಾನು. ಹಿಂದೊಮ್ಮೆ ಇದೇ ಇಳಿಜಾರಿನಲ್ಲಿ ಕಟ್ಟಡ ಕುಸಿದದ್ದನ್ನು ಮರೆಯದ ಶಿಲ್ಪಿಗಳು ಇಟ್ಟ ಊರುಗೋಲು ಅದು.

ಹೊರ ನಾರ್ಥೆಕ್ಸಿನಲ್ಲಿ ಕ್ರಿಸ್ತನ ಬಾಲ್ಯವೂ ಅವನ ಪವಾಡಗಳೂ, ಒಳ ನಾರ್ಥೆಕ್ಸಿನಲ್ಲಿ ಮುಖ್ಯವಾಗಿ ಮೇರಿಯ ಜನನದಿಂದ ಮೊದಲಾದ ಜೀವನವೂ ಮೊಸಾಯಿಕ್‌ಗಳಾಗಿ ಛಾವಣಿಯ ತುಂಬ ಹರಡಿವೆ. ಮೊಸಾಯಿಕ್ ಎಂದರೆ ಗಾಜು ಮತ್ತು ಕಲ್ಲಿನ ಸಣ್ಣ ತುಣುಕುಗಳನ್ನು ಹಸಿ ಗಾರೆಗೆ ಒತ್ತಿ ಮೂಡಿಸುವ ಚಿತ್ರ. ಹೊಂಬಣ್ಣದ ತುಣುಕಿಗಾಗಿ ಎರಡು ಗಾಜಿನ ಪದರಗಳ ನಡುವೆ ಚಿನ್ನದ ರೇಕನ್ನು ಸೇರಿಸುತ್ತಿದ್ದರು. ತುಣುಕುಗಳು ಒಂದೇ ಮಟ್ಟದಲ್ಲಿ ಕೂರದೆ ತುಸು ಓರೆಯಾಗಿರುವುದರಿಂದ ನೋಡುವವನು ಹೆಜ್ಜೆಯಿಟ್ಟಂತೆಲ್ಲ ಹೊಳಪು ಜಾಗ ಬದಲಿಸುತ್ತದೆ. ಮೇರಿಯ ಬಾಲ್ಯದ ಸಂಗತಿಗಳು ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿಲ್ಲ. ಯಾಕೋಬನ ಹೆಸರಿನಲ್ಲಿ ಪ್ರಚಲಿತವಿದ್ದ 2ನೆಯ ಶತಮಾನದ ಒಂದು ಕಥಾಗ್ರಂಥದಿಂದ ಅವು ಬಂದಿವೆ. ಆರು ತಿಂಗಳ ಕೂಸು ದಾಸಿಯ ಕೈಯಿಂದ ತಾಯಿಯ ಕಡೆಗೆ ಏಳು ಹೆಜ್ಜೆ ಇಡುವುದು, ತಂದೆತಾಯಿ ಇಬ್ಬರೂ ಮಗುವನ್ನು ಮಡಿಲಲ್ಲಿಟ್ಟು ಕೆನ್ನೆ ಸೋಕಿಸುವುದು ಮುಂತಾದ ಮನೆಮಾತಿನ ದೃಶ್ಯಗಳನ್ನು ಶಾಸ್ತ್ರೀಯ ಬಿಗುಮಾನವಿಲ್ಲದೆ ಬಿಡಿಸಿರುವುದು ಈ ಕಾಲದ ಕಲೆಯ ದೊಡ್ಡ ಗೆಲುವು.

ಹೆಸರಿನ ಶ್ಲೇಷೆ ಬಿಚ್ಚಿಕೊಳ್ಳುವುದು ಬಾಗಿಲುಗಳ ಮೇಲೆ. ಹೊರ ನಾರ್ಥೆಕ್ಸಿನಿಂದ ಒಳಹೋಗುವ ಬಾಗಿಲ ಮೇಲಿನ ಕ್ರಿಸ್ತನ ಪಕ್ಕದಲ್ಲಿ ‘ಬದುಕುಳ್ಳವರ ಕೋರಾ’, ಅಂದರೆ ಜೀವಿಗಳ ನೆಲೆ, ಎಂಬರ್ಥದ ಬರಹವಿದೆ. ಅವನಿಗೆ ಎದುರಾಗಿರುವ ಮೇರಿಯ ಪಕ್ಕದಲ್ಲಿ, ಯಾವುದರಲ್ಲೂ ಹಿಡಿಸದವನಿಗೆ ಒಡಲನ್ನೇ ಎಡೆಯಾಗಿ ಕೊಟ್ಟವಳು ಎಂಬರ್ಥದ ಬರಹವಿದ್ದು, ಅಲ್ಲಿಯೂ ‘ಕೋರಾ’ ಎಂಬ ಪದವೇ ಬಳಕೆಯಾಗಿದೆ. ಊರಾಚೆಯ ಹೊಲವನ್ನು ಸೂಚಿಸುತ್ತಿದ್ದ ಹಳೆಯ ಸ್ಥಳನಾಮವೊಂದು ಹೀಗೆ ಧರ್ಮತತ್ತ್ವದ ಸೂತ್ರವಾಯಿತು. ಪಾಂಡಿತ್ಯಪ್ರಿಯನಾದ ಮೆಟೊಖಿಟೆಸನ ಕೈವಾಡವನ್ನು ಇದರಲ್ಲಿ ಕಾಣುವುದು ತಪ್ಪಾಗಲಾರದು. ಒಳ ನಾರ್ಥೆಕ್ಸಿನ ದಕ್ಷಿಣ ಗುಮ್ಮಟದ ಕೆಳಗಿನ ದೊಡ್ಡ ಫಲಕದಲ್ಲಿ ಅವನು ಹಿಂದಿನ ದಾನಿಗಳನ್ನೂ ಮರೆತಿಲ್ಲ: ಕ್ರಿಸ್ತ ಮತ್ತು ಮೇರಿಯರ ಪಾದದ ಬಳಿ ಚಿಕ್ಕ ಆಕಾರದಲ್ಲಿ ಐಸಾಕ್ ಕೊಮ್ನೆನಸನೂ, ಮೆಲಾನೆ ಎಂಬ ಸನ್ಯಾಸಿನಿಯೂ ಕಾಣುತ್ತಾರೆ. ಮಂಗೋಲರ ಒಡತಿ ಎಂದು ಬರಹದಲ್ಲಿ ಹೇಳಿರುವ ಈಕೆ, ಪರ್ಷಿಯಾದ ಮಂಗೋಲ್ ದೊರೆ ಅಬಾಕಾ ಖಾನನಿಗೆ ಮದುವೆಯಾಗಿ ಹೋಗಿ ವಿಧವೆಯಾಗಿ ಮರಳಿದ ರಾಜಪುತ್ರಿ ಮರಿಯಾ ಎಂದು ಬಹುತೇಕ ವಿದ್ವಾಂಸರ ಅಭಿಪ್ರಾಯ.

ಚಿತ್ರಗಳ ನಡುವೆ ಒಂದು ದೃಶ್ಯ ಬೇರೆ ಕಾರಣಕ್ಕೆ ಗಮನ ಸೆಳೆಯುತ್ತದೆ. ರೋಮನ್ ಜನಗಣತಿಗಾಗಿ ಮೇರಿ ಮತ್ತು ಜೋಸೆಫ್ ಬೆತ್ಲೆಹೇಮಿಗೆ ಹೋದ ಪ್ರಸಂಗವನ್ನು ಇಲ್ಲಿ ತೆರಿಗೆ ಕಚೇರಿಯ ಚಿತ್ರವನ್ನಾಗಿ ಮಾಡಲಾಗಿದೆ: ಪ್ರಾಂತಾಧಿಪತಿ ಪೀಠದ ಮೇಲೆ ಕುಳಿತಿದ್ದಾನೆ, ಕಾವಲುಗಾರರು ನಿಂತಿದ್ದಾರೆ, ಕರಣಿಕ ಸುರುಳಿಯನ್ನು ಬಿಚ್ಚಿ ಹಿಡಿದಿದ್ದಾನೆ, ಬಸುರಿ ಮೇರಿ ತಲೆ ತುಸು ಬಾಗಿಸಿ ತನ್ನ ಹೆಸರು ಬರೆಸುತ್ತಿದ್ದಾಳೆ. ಬೈಜಾಂಟೈನ್ ಚರ್ಚುಗಳಲ್ಲಿ ವಿರಳವಾದ ಈ ವಿಷಯ, ಸಾಮ್ರಾಜ್ಯದ ತೆರಿಗೆಯನ್ನು ವಸೂಲಿ ಮಾಡುತ್ತಿದ್ದ ಮಂತ್ರಿಯೇ ಕಟ್ಟಿಸಿದ ಚರ್ಚಿನಲ್ಲಿ ಇಷ್ಟು ದೊಡ್ಡದಾಗಿ ಬಂದಿರುವುದು ಆಕಸ್ಮಿಕವಲ್ಲವೆಂದು ವಿದ್ವಾಂಸರು ವಾದಿಸಿದ್ದಾರೆ. ದೇವಮಾತೆಯೇ ತೆರಿಗೆಯ ಪಟ್ಟಿಗೆ ತಲೆಬಾಗಿದ ಮೇಲೆ ಪ್ರಜೆಗಳು ಗೊಣಗುವುದಾದರೂ ಹೇಗೆ!

ದಕ್ಷಿಣದ ಉಪಮಂದಿರಕ್ಕೆ ಪರೆಕ್ಲೇಸಿಯಾನ್ ಎಂದು ಹೆಸರು. ಇಲ್ಲಿ ಮೊಸಾಯಿಕ್ ಇಲ್ಲ. ಇರುವುದೆಲ್ಲ ಗಾರೆಯ ಮೇಲೆ ಬಣ್ಣದಿಂದ ಬರೆದ ಭಿತ್ತಿಚಿತ್ರ. ಗೋಡೆಗಳಲ್ಲಿ ಕಮಾನಿನಾಕಾರದ ನಾಲ್ಕು ಆಳವಾದ ಗೂಡುಗಳಿದ್ದು, ಅವುಗಳಲ್ಲಿ ಶವಪೆಟ್ಟಿಗೆಗಳನ್ನು ಇರಿಸುತ್ತಿದ್ದರು. ಒಂದರಲ್ಲಿ ಮೆಟೊಖಿಟೆಸನ ಗೆಳೆಯ, ಸೇನಾಧಿಕಾರಿ ಮೈಕೆಲ್ ಟೋರ್ನಿಕೆಸನ ಸಮಾಧಿಯಿದೆ. ಸಾವಿನ ಮನೆಗೆ ತಕ್ಕಂತೆ ಚಿತ್ರಗಳ ವಿಷಯ ಪುನರುತ್ಥಾನ ಮತ್ತು ಅಂತ್ಯತೀರ್ಪು. ಛಾವಣಿಯಲ್ಲಿ ದೇವದೂತನೊಬ್ಬ ಸೂರ್ಯ, ಚಂದ್ರ, ನಕ್ಷತ್ರಗಳ ಸಮೇತ ಆಕಾಶವನ್ನು ಚಾಪೆಯಂತೆ ಸುತ್ತಿ ಹೊತ್ತೊಯ್ಯುತ್ತಾನೆ. ಆ ಸುರುಳಿ ದೊಡ್ಡ ಬಸವನಹುಳುವಿನ ಚಿಪ್ಪಿನಂತಿದೆ. ಪೂರ್ವದ ಅಪ್ಸಿನ ಬಾಗಿದ ಗೋಡೆಯ ಮೇಲಿರುವುದು ಅನಾಸ್ತಾಸಿಸ್ ಎಂಬ ಚಿತ್ರ. ಮರಣಾನಂತರ ಕ್ರಿಸ್ತ ಪಾತಾಳಕ್ಕಿಳಿದು ಆದಿಮಾನವರನ್ನು ಬಿಡಿಸಿದ ಪ್ರಸಂಗವನ್ನು ಆರ್ಥೊಡಾಕ್ಸ್ ಪರಂಪರೆ ಪುನರುತ್ಥಾನದ ಚಿತ್ರವೆಂದೇ ಪರಿಗಣಿಸುತ್ತದೆ. ಬಿಳಿಯ ಉಡುಗೆಯ ಕ್ರಿಸ್ತ ಕಾಲುಗಳನ್ನು ಅಗಲಿಸಿ ನಿಂತು, ಒಂದು ಕೈಯಲ್ಲಿ ಆದಮನನ್ನೂ ಇನ್ನೊಂದು ಕೈಯಲ್ಲಿ ಈವಳನ್ನೂ ಗೋರಿಗಳಿಂದ ಮೇಲಕ್ಕೆ ಸೆಳೆಯುತ್ತಿದ್ದಾನೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಎತ್ತುವವನದೇ ಬಲ, ಏಳುವವರದೇನೂ ಇಲ್ಲ ಎಂಬುದು ಆ ಹಿಡಿತದಲ್ಲೇ ತಿಳಿಯುತ್ತದೆ. ಅವನ ಕಾಲ ಕೆಳಗೆ ಕೈಕಾಲು ಕಟ್ಟಿಬಿದ್ದ ಸೈತಾನ, ಮುರಿದ ಬಾಗಿಲುಗಳು, ಚೆಲ್ಲಾಪಿಲ್ಲಿಯಾದ ಬೀಗ ಮತ್ತು ಅಗುಳಿಗಳು. ಈ ಕಾಲದ ಯುರೋಪಿನಲ್ಲಿ, ಇಟಲಿಯ ಚಿತ್ರಕಾರ ಜೊತ್ತೊನನ್ನೂ ಸೇರಿಸಿ ಹೇಳುವುದಾದರೂ, ಗೋಡೆಯ ಮೇಲೆ ಇಷ್ಟು ಚಲನೆಯನ್ನು ತುಂಬಿದ ಚಿತ್ರಗಳು ಬೆರಳೆಣಿಕೆಯವು.

ಕೆಲಸ ಮುಗಿದ ಏಳೇ ವರ್ಷಕ್ಕೆ ಕಟ್ಟಿಸಿದವನ ಅದೃಷ್ಟ ಮುಗಿಯಿತು. 1328ರ ಮೇ ತಿಂಗಳಲ್ಲಿ ಸಾಮ್ರಾಟನ ಮೊಮ್ಮಗ, ಮೂರನೆಯ ಆಂಡ್ರೊನಿಕಸ್, ಅಜ್ಜನನ್ನು ಕೆಳಗಿಳಿಸಿ ಸಿಂಹಾಸನವೇರಿದನು. ಜನ ಮೆಟೊಖಿಟೆಸನ ಅರಮನೆಯನ್ನು ಸೂರೆಮಾಡಿದರು. ಅವನನ್ನು ಥ್ರೇಸಿನ ದಿದಿಮೊತಿಖೊ ಪಟ್ಟಣಕ್ಕೆ ಗಡೀಪಾರು ಮಾಡಲಾಯಿತು. ಅಲ್ಲಿಂದಲೂ ಅವನು ಕೋರಾದ ಸನ್ಯಾಸಿಗಳಿಗೆ ಪತ್ರ ಬರೆದು, ತಾನು ಅಲ್ಲಿಟ್ಟ ಪುಸ್ತಕಗಳನ್ನು ಜೋಪಾನಮಾಡುವಂತೆ ಬೇಡಿಕೊಂಡನು. 1330ರಲ್ಲಿ ನಗರಕ್ಕೆ ಮರಳಲು ಅನುಮತಿ ದೊರೆತಾಗ ಅವನು ಹೋದದ್ದು ಕೋರಾಕ್ಕೇ. ಅಲ್ಲಿಯೇ ಥಿಯೊಲೆಪ್ಟಸ್ ಎಂಬ ಹೆಸರಿನ ಸನ್ಯಾಸಿಯಾಗಿ 1332ರ ಮಾರ್ಚ್ 13ರಂದು ತೀರಿಕೊಂಡನು.

1453ರಲ್ಲಿ ಒಟ್ಟೋಮನ್ ತುರ್ಕರು ನಗರವನ್ನು ಮುತ್ತಿದಾಗ, ನಗರದ ರಕ್ಷಕಿ ಎಂದು ಜನ ನಂಬಿದ್ದ ಮೇರಿಯ ಹೊದಿಗಿತ್ರಿಯಾ ಚಿತ್ರಪಟವನ್ನು ಕೋಟೆಗೋಡೆಗೆ ಹತ್ತಿರವೆಂದು ಕೋರಾಕ್ಕೆ ತಂದಿಡಲಾಗಿತ್ತು. ನಗರ ಬಿದ್ದ ದಿನ ಸೈನಿಕರು ಅದನ್ನು ಕಡಿದು ಹಂಚಿಕೊಂಡರು. 16ನೆಯ ಶತಮಾನದ ಆದಿಯಲ್ಲಿ, ಎರಡನೆಯ ಬಾಯಜೀದನ ವಜೀರ ಅತಿಕ್ ಅಲಿ ಪಾಶಾ ಚರ್ಚನ್ನು ಮಸೀದಿಯಾಗಿ ಮಾರ್ಪಡಿಸಿದನು. ಗಂಟೆಗೋಪುರದ ಜಾಗದಲ್ಲಿ ಮಿನಾರು ಎದ್ದಿತು. ಕಾಲಕ್ರಮದಲ್ಲಿ ಚಿತ್ರಗಳು ಸುಣ್ಣಗಾರೆಯ ಮತ್ತು ಮರದ ಹಲಗೆಗಳ ಮರೆಗೆ ಸರಿದವು. ನಾವೋಸಿನಲ್ಲಿ ಇದ್ದಿರಬಹುದಾದ ಚಿತ್ರಗಳ ಪೈಕಿ ಮೂರು ಮಾತ್ರ ಉಳಿದಿವೆ, ನಡುಗುಮ್ಮಟವೂ ಮರ ಮತ್ತು ಗಾರೆಯಿಂದ ಹೊಸದಾಗಿ ಕಟ್ಟಿದ್ದು. ಹಾಗಿದ್ದೂ ಮುಚ್ಚಿದ ಗಾರೆಯೇ ನಾರ್ಥೆಕ್ಸುಗಳ ಹಾಗೂ ಪರೆಕ್ಲೇಸಿಯಾನಿನ ಚಿತ್ರಗಳನ್ನು ಬಹುಮಟ್ಟಿಗೆ ಕಾಪಾಡಿತೆಂಬುದನ್ನು ಒಪ್ಪಲೇಬೇಕು. 1906ರಲ್ಲಿ ರಷ್ಯನ್ ವಿದ್ವಾಂಸ ಫ್ಯೋದರ್ ಶ್ಮಿತ್ ಇದರ ಮೇಲೆ ಮೊದಲ ವಿಸ್ತಾರವಾದ ಅಧ್ಯಯನವನ್ನು ಪ್ರಕಟಿಸಿದನು. 1945ರಲ್ಲಿ ತುರ್ಕಿ ಸರ್ಕಾರ ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಘೋಷಿಸಿದ ಮೇಲೆ, ಅಮೆರಿಕದ ಥಾಮಸ್ ವಿಟ್ಟೆಮೋರ್ ಮತ್ತು ಅವನ ಬಳಿಕ ಪಾಲ್ ಅಂಡರ್‌ವುಡ್ ಅವರ ನೇತೃತ್ವದಲ್ಲಿ ಗಾರೆಯನ್ನು ಬಿಡಿಸಿ ಚಿತ್ರಗಳನ್ನು ಶುಚಿಗೊಳಿಸುವ ಕೆಲಸ ಹತ್ತು ವರ್ಷಗಳ ಕಾಲ ನಡೆದು, 1958ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. 2020ರ ಆಗಸ್ಟಿನ ಆದೇಶದಂತೆ ಅದು ಮತ್ತೆ ಮಸೀದಿಯಾಯಿತು; ದುರಸ್ತಿಯ ನಂತರ 2024ರ ಮೇ 6ರಂದು ಪ್ರಾರ್ಥನೆಗೆ ತೆರೆಯಿತು. ಅದರ ಈಗಿನ ಹೆಸರು ಕರಿಯೆ. ಹಳ್ಳಿ ಎಂಬರ್ಥದ ಅರಬ್ಬೀ ಪದದಿಂದ ಬಂದ ಈ ಹೆಸರಿನಲ್ಲಿ ಹಳೆಯ ‘ಕೋರಾ’ದ ಅರ್ಥ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ.

ಒಳ ನಾರ್ಥೆಕ್ಸಿನಿಂದ ನಾವೋಸಿಗೆ ಹೋಗುವ ಬಾಗಿಲ ಮೇಲೆ ಮೆಟೊಖಿಟೆಸ್ ಇನ್ನೂ ಮೊಣಕಾಲೂರಿದ್ದಾನೆ. ತಲೆಯ ಮೇಲೆ ಬುರುಡೆಯ ಎರಡರಷ್ಟು ಅಗಲದ, ಚಿನ್ನದ ಪಟ್ಟೆಗಳ ಬಿಳಿಯ ಮುಂಡಾಸಿನಂಥ ಆಸ್ಥಾನದ ಟೋಪಿ. ಚಾಚಿದ ಕೈಗಳಲ್ಲಿ ಕ್ರಿಸ್ತನಿಗೆ ಅರ್ಪಿಸುವ ಚರ್ಚಿನ ಪುಟ್ಟ ಮಾದರಿ. ಪಕ್ಕದ ಗ್ರೀಕ್ ಬರಹ ಅವನನ್ನು ಖಜಾನೆಯ ಲೊಗೊಥೆಟೆಸ್ ಎಂದು ಕರೆಯುತ್ತದೆ. ಮಹಾ ಲೊಗೊಥೆಟೆಸ್ ಪದವಿ ಅವನಿಗೆ ಬಂದದ್ದು 1321ರಲ್ಲಿ; ಫಲಕ ಅದಕ್ಕೂ ಮೊದಲೇ ಮುಗಿದಿತ್ತೆಂದು ಚರಿತ್ರೆಕಾರರು ನಿರ್ಣಯಿಸುವುದು ಈ ಬರಹದ ಆಧಾರದಿಂದಲೇ. ಬಡ್ತಿ ಸಿಕ್ಕ ಮೇಲೆ ಯಾರೂ ಏಣಿ ಹಾಕಿ ಅದನ್ನು ತಿದ್ದಲಿಲ್ಲ.